ದಾಂಧಲವ್ವ ಕಾಲಿಗೆ ಬಿದ್ದದ್ದು

"ಕಾಲಿಗೆ ಬೀಳಸ್ರಿ ಆಕೀನ್ನ. ಕಣ್ಣಾಗ ಎರಡ ಹನಿ ನೀರು ತೋರಸ್ರಿ, ಸಾಕು," ಎಂದರು ಫೋನಿನಲ್ಲಿ ಸಂಪಾದಕ ಗುರುಪುತ್ರಪ್ಪ. "ಸಂಜೀಕ ಪುಟ ಅಚ್ಚಿಗೆ ಹೋಗಬೇಕು. ನಿಮ್ಮ ಕಡಿಂದ ಆಗೂದಿಲ್ಲ ಅಂದ್ರ ಬ್ಯಾರೇದವರ ಕಡಿಂದ ಬರಸ್ತೀನಿ."

ಸಾಕ್ಷಿ ಆಗಲೇ ಖಾನಾಪುರದ ಬಸ್ಸಿನಲ್ಲಿದ್ದಳು. ತೊಡೆಯ ಮೇಲಿನ ಚೀಲದಲ್ಲಿ ದಾಂಧಲವ್ವ ಇದ್ದಳು.

ಟಿಳಕವಾಡಿಯ ಬಾಡಿಗೆ ಕೋಣೆಯಲ್ಲಿ ಕುಳಿತು ಮಕ್ಕಳ ಮಾಸಪತ್ರಿಕೆಗೆ ಅವಳು ಬರೆಯುತ್ತಿದ್ದ ಚಿತ್ರಕಥೆಗೆ ನಾಯಕನೊಬ್ಬನಿದ್ದ, ಬೂಟು ತೊಟ್ಟ ವೀರಸೇನ. ಅವನಿಗೊಬ್ಬ ಎದುರಾಳಿ ಬೇಕಲ್ಲ ಎಂದು ಹುಟ್ಟಿದವಳು ದಾಂಧಲವ್ವ. ಕಚ್ಚೆ ಸೀರೆ, ತುರುಬಿಗೆ ಸಿಕ್ಕಿಸಿದ ಬಾಚಣಿಗೆ, ಗುರಾಣಿಯಂತೆ ಹಿಡಿದ ಪಾತೇಲಿ ಮುಚ್ಚಳ. ಮದುವೆ ಮನೆಯ ಮುಂದಿನ ಚಪ್ಪಲಿಗಳನ್ನೆಲ್ಲ ಅದಲುಬದಲು ಮಾಡುವುದು, ಸಂತೆಯ ಆಡುಗಳ ಹಗ್ಗ ಬಿಚ್ಚುವುದು ಅವಳ ಕಸುಬು. ಮೂರನೆಯ ಸಂಚಿಕೆಯಲ್ಲಿ ಸಾಯಬೇಕಿತ್ತು. ಅಷ್ಟರಲ್ಲಿ ಹಿಂಡಲಗಾದ ಸಾಲೆಯೊಂದರ ವಾರ್ಷಿಕ ಗ್ಯಾದರಿಂಗಿಗೆ ಹುಡುಗಿಯರೆಲ್ಲ ಮುಚ್ಚಳ ಹಿಡಿದು ಅವಳ ವೇಷದಲ್ಲೇ ಬಂದರು. ವೀರಸೇನನಾಗಲು ಒಬ್ಬ ಹುಡುಗನೂ ಒಪ್ಪಲಿಲ್ಲ. ಕೊಂದರೆ ಮಕ್ಕಳು ಬಿಡುವುದಿಲ್ಲ, ಹಾಗೇ ಬಿಟ್ಟರೆ ತಾಯಂದಿರು ಬಿಡುವುದಿಲ್ಲ. ಒಳ್ಳೆಯವಳನ್ನಾಗಿ ಮಾಡಿಬಿಡುವುದೇ ಗುರುಪುತ್ರಪ್ಪನವರಿಗೆ ಕಂಡ ದಾರಿ.

ಬಾಚಣಿಗೆ ಮತ್ತು ಕಚ್ಚೆ ಸೀರೆ ಸಾಕ್ಷಿಯ ಸೋದರತ್ತೆ ಮಾಯಕ್ಕನವು. ಗಂಡ ಕೈಯೆತ್ತಿದ ದಿನ ಅವನ ಕೊಟ್ಟಿಗೆಯ ಅಷ್ಟೂ ಎಮ್ಮೆಗಳ ಕಣ್ಣಿ ಬಿಚ್ಚಿ ಊರ ತುಂಬ ಬಿಟ್ಟು, ನಂದಗಡದಿಂದ ತವರಿಗೆ ನಡೆದು ಬಂದವಳು ಮಾಯಕ್ಕ. ಈಗ ಮನೆಯ ಬಾಜೂಕೆ ಹಿಟ್ಟಿನ ಗಿರಣಿ ನಡೆಸುತ್ತಾಳೆ.

ಸಾಕ್ಷಿ ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಅಜ್ಜಿ, ಮಾಯಕ್ಕನ ತಾಯಿ ನಿಂಗವ್ವ ಎಲೆಅಡಿಕೆ ಕುಟ್ಟುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಚಿತ್ರ ಕಾಣುತ್ತಿರಲಿಲ್ಲ. ಕೇಳುವವರು ಹೂಂಗುಟ್ಟುತ್ತಿರಬೇಕು, ಹೂಂ ನಿಂತರೆ ಕಥೆಯೂ ನಿಂತಲ್ಲೇ ನಿಲ್ಲಬೇಕು ಎಂಬುದು ಅವಳ ಕಟ್ಟಳೆ. ಚಿಕ್ಕಂದಿನಲ್ಲಿ ಸಾಕ್ಷಿಗೆ ನಿದ್ದೆ ಹತ್ತಿತೆಂದರೆ ರಾಜಕುಮಾರ ಬೆಳಗಿನ ತನಕ ಆಲದ ಮರದಲ್ಲೇ ಜೋತಾಡುತ್ತಿದ್ದ. ಈಗ ಓದುವ ಪಾಳಿ ಸಾಕ್ಷಿಯದು.

"ದಾಂಧಲವ್ವ ಮುಚ್ಚಳ ಕೆಳಗ ಇಟ್ಟಳು."

"ಹೂಂ."

"ವೀರಸೇನನ ಕಾಲಿಗೆ ಬಿದ್ದಳು."

ಕುಟ್ಟುವ ಕೈ ನಿಂತಿತು.

"ಆಯಿ, ನಿದ್ದಿ ಹತ್ತಿತೇನ?"

"ಎಚ್ಚರ ಅದೀನಿ."

"ಮತ್ತ ಹೂಂ ಅನ್ನಬೇ."

"ಅನ್ನಾಂಗಿಲ್ಲ."

"ಸಂಜೀಕ ಕೊಡಬೇಕಬೇ. ಇಲ್ಲಾಂದ್ರ ಆಕೀನ್ನ ಯಾರ ಕೈಯಾಗರ ಒಪ್ಪಸ್ತಾರ. ನಿನ್ನ ಕಥಿಯಾಗ ಕೆಟ್ಟಾಕಿ ತಲಿ ಬೋಳಿಸಿ ಊರ ಬಿಡಸ್ತಿದ್ದಿ. ನಾ ಬರೇ ಕಾಲಿಗೆ ಬೀಳಿಸೀನಿ."

"ಆಕಿ ಯಾರ ಮಗಳೋ ಏನೋ. ಈಕಿ ನಮ್ಮಾಕಿ." ನಿಂಗವ್ವ ಗಿರಣಿಯ ಕಡೆ ಗದ್ದ ತಿರುವಿದಳು. "ಮಾಯಕ್ಕ ತನ್ನ ಅತ್ತಿ ಕಾಲಿಗೆ ಬಿದ್ದು ತಿರುಗಿ ನಂದಗಡಕ್ಕ ಹೋಗಲಿ ಅಂತ ಹಿರ್ಯಾರು ಇದ ಪಡಸಾಲ್ಯಾಗ ಕುಂತು ಹೇಳಿದ್ರು. ಏನಂತಿ ನಿಂಗವ್ವಾ ಅಂದ್ರು. ಅವತ್ತೂ ನಾ ಹೂಂ ಅಂದಿಲ್ಲ."

ನೀರು ಕುಡಿಯಲು ಬಂದ ಮಾಯಕ್ಕ ಹುಬ್ಬಿನ ತನಕ ಹಿಟ್ಟಾಗಿದ್ದಳು. ಸಾಕ್ಷಿ ಪುಟದ ಮೇಲೆ ಕೈಯಿಟ್ಟಳು. ಮಾಯಕ್ಕ ಆ ಕೈ ಎತ್ತಿ ಪಕ್ಕಕ್ಕಿಟ್ಟು, ಬಗ್ಗಿ ನೋಡಿದಳು.

"ನನ್ನ ಬಾಚಣಿಕಿ ಛಲೋ ಬರದೀ." ಮತ್ತೆ ನೋಡಿದಳು. "ಇವನ ಬೂಟಿಗೆ ದಾರ ಅದಾವೇನ?"

"ಅದಾವ, ಅತ್ತಿ."

"ಹಂಗಾರ ಬೀಳಲಿ ಬಿಡ. ಕೆಳಗ ಬಗ್ಗಿದಾಕಿ ಕೈ ಏನ ಕಟ್ಟಿರ್ತಾವ?"

ತಂಬಿಗೆ ಬೋರಲಿಟ್ಟು ಗಿರಣಿಗೆ ಹೋದಳು. ಸಾಕ್ಷಿ ಪೆನ್ಸಿಲ್ ತೆಗೆದಳು.

ಮುಗಿದ ಪುಟದ ಫೋಟೊ ಕಳಿಸಿದ ತುಸು ಹೊತ್ತಿಗೆ ಗುರುಪುತ್ರಪ್ಪನವರ ದನಿ ಬಂತು: "ಭೇಷ್ ರೀ. ಕಾಲಿಗೂ ಬಿದ್ದಾಳ, ಕಣ್ಣೀರೂ ಬಂದಾವ. ಅಚ್ಚಿಗೆ ಕೊಟ್ಟೆ ನೋಡ್ರಿ."

ಸಾಕ್ಷಿ ಫೋನು ಬೋರಲಿಟ್ಟು, ಕಥೆ ನಿಂತಲ್ಲಿಂದ ಅಜ್ಜಿಗೆ ಓದಿದಳು.

"ವೀರಸೇನನ ಕಾಲಿಗೆ ಬಿದ್ದಳು. ಅಳಕೋತನ ಅವನ ಎರಡೂ ಬೂಟಿನ ದಾರ ಕೂಡಿಸಿ ಗಂಟ ಹಾಕಿದಳು."

ಕುಟ್ಟಾಣಿ ಮತ್ತೆ ಸದ್ದು ಮಾಡಿತು. "ಹೂಂ," ಎಂದಳು ನಿಂಗವ್ವ.

ಗಿರಣಿಯ ಪಟ್ಟಿ ಆಗಷ್ಟೇ ನಿಂತಿತ್ತು. ಗೋಡೆಯ ಆಚೆಯಿಂದ ಇನ್ನೊಂದು ಹೂಂ ಕೇಳಿಸಿತು. ಆಮೇಲೆ ಪಟ್ಟಿ ತಿರುಗತೊಡಗಿತು.