ಮಳೆಗಾಲದ ಹೈ ಪ್ರೆಶರ್

ಬೇಸಿಗೆಯಲ್ಲಿ ಕೆಟ್ಟಿದ್ದರೆ ಅದಕ್ಕೊಂದು ಅರ್ಥವಿತ್ತು. ಏಪ್ರಿಲ್, ಮೇ ತಿಂಗಳ ಮರಾಠವಾಡದ ಬಿಸಿಲಿಗೆ ಮಹಡಿ ಮೇಲಿನ ದೊಡ್ಡ ಎಸಿ ಯಂತ್ರಗಳು ಏದುಸಿರು ಬಿಡುತ್ತವೆ. ಒಳಗಿನ ಗ್ಯಾಸು ತನ್ನ ಕಾವನ್ನು ಹೊರಹಾಕಲಾಗದೆ ಒತ್ತಡ ಏರುತ್ತದೆ, ಯಂತ್ರ ತನ್ನನ್ನು ತಾನು ಉಳಿಸಿಕೊಳ್ಳಲು ಟಕ್ಕೆಂದು ನಿಲ್ಲುತ್ತದೆ. ಅದೆಲ್ಲ ಮಂಜುಶ್ರೀಗೆ ಗೊತ್ತಿದ್ದದ್ದೇ. ಆದರೆ ಇದು ಜುಲೈ. ಜಿಟಿಜಿಟಿ ಮಳೆ, ಮೈಮೇಲೆ ಶಾಲು ಬೇಕೆನ್ನಿಸುವ ಥಂಡಿ. ಇಂಥ ಹೊತ್ತಿನಲ್ಲಿ ಔರಂಗಾಬಾದಿನ ಮಕ್ಕಳ ಆಸ್ಪತ್ರೆಯ ಯಂತ್ರವೊಂದು ದಿನ ಬಿಟ್ಟು ದಿನ 'ಹೈ ಪ್ರೆಶರ್' ಎಂದು ಕೂಗಿಕೊಳ್ಳತೊಡಗಿತ್ತು.

ಕೂಗು ಕೇಳಿಸುತ್ತಿದ್ದುದು ನಾಸಿಕದಲ್ಲಿ. ಅಂಬಡ್‌ನ ಕಾರ್ಖಾನೆಗಳ ನಡುವೆ ಒಂದು ಸಣ್ಣ ಸರ್ವಿಸ್ ಕಂಪನಿ. ಅದರ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು. ಧುಳೆಯಿಂದ ಜಾಲನಾದವರೆಗೆ ಯಾವ ಮಾಳಿಗೆಯ ಯಂತ್ರಕ್ಕೆ ನೆಗಡಿಯಾದರೂ ಅಲ್ಲಿ ಒಂದು ಕೆಂಪು ಸಾಲು ಮೂಡುತ್ತಿತ್ತು, ಮಂಜುಶ್ರೀಯ ಮೊಬೈಲಿಗೆ ಸಂದೇಶ ಬರುತ್ತಿತ್ತು. ಅವಳು ಅಲ್ಲಿಯ ಟೆಕ್ನೀಷಿಯನ್. ಅಪ್ಪ ರೇವಣಪ್ಪ ಬಸವಕಲ್ಯಾಣದ ಕಡೆಯಿಂದ ಬಂದು ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮನೆಯಲ್ಲಿ ಅಪ್ಪ-ಅವ್ವ ಕನ್ನಡದಲ್ಲಿ ಕೇಳಿದರೆ ಇವಳು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಅದು ಎಷ್ಟು ರೂಢಿಯಾಗಿತ್ತೆಂದರೆ ಯಾರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ.

"ಆ ಯಂತ್ರ ನವಜಾತ ಶಿಶುಗಳ ವಾರ್ಡಿಗೆ ಗಾಳಿ ಕೊಡುತ್ತದೆ, ಗೊತ್ತಲ್ಲ?" ಎಂದರು ಮ್ಯಾನೇಜರ್ ರತ್ನಾಕರ. "ಜೋಡಿಗೆ ಇನ್ನೊಂದು ಇದೆ, ಇದು ನಿಂತರೆ ಅದು ಶುರುವಾಗುತ್ತದೆ. ಆದರೆ ಅದು ಮುದಿ ಎತ್ತು. ಅದರ ಮೇಲೆ ಭರವಸೆ ಇಟ್ಟು ಕೂರುವ ಹಾಗಿಲ್ಲ."

ಮಂಜುಶ್ರೀ ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಹೋದಳು. ಹತ್ತಿರದ ಲಾಡ್ಜಿನಲ್ಲಿ ಚೀಲವಿಟ್ಟು, ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮಾಳಿಗೆ ಹತ್ತಿದಳು. ಲಿಫ್ಟು, ನೀರು, ಕರೆಂಟು ಎಲ್ಲವನ್ನೂ ನೋಡಿಕೊಳ್ಳುವ ನರಹರಿ ಕಾಕಾ ಕೊಡೆ ಹಿಡಿದು ಜೊತೆಗೆ ನಿಂತ. ಯಂತ್ರದ ಪಕ್ಕದ ಜಾಲರಿ, ಅಂದರೆ ಅದು ಗಾಳಿ ಒಳಗೆಳೆದುಕೊಳ್ಳುವ ಜಾಗ, ಸ್ವಚ್ಛವಾಗಿತ್ತು. ಮೇಲಿನ ಫ್ಯಾನು ಸರಾಗವಾಗಿ ತಿರುಗುತ್ತಿತ್ತು. ಗೇಜು ಹಚ್ಚಿ ನೋಡಿದರೆ ಒತ್ತಡವೂ ಇರಬೇಕಾದಲ್ಲೇ ಇತ್ತು. ಕೆಟ್ಟ ಯಂತ್ರವನ್ನು ರಿಪೇರಿ ಮಾಡಬಹುದು. ನೆಟ್ಟಗಿರುವ ಯಂತ್ರವನ್ನು ಏನು ಮಾಡುವುದು? ಒತ್ತಡ ಅಳೆಯುವ ಸ್ವಿಚ್ಚೇ ಸುಳ್ಳು ಹೇಳುತ್ತಿರಬಹುದೆಂದು ಅದನ್ನು ಬದಲಿಸಿ, ನಾಸಿಕಕ್ಕೆ ಮರಳಿದಳು.

ಎರಡು ದಿನ ಸುಮ್ಮನಿದ್ದು ಯಂತ್ರ ಮತ್ತೆ ಕೂಗಿತು.

ಈ ಸಲ ಅವಳು ಓಡಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಹಳೆಯ ಕೆಂಪು ಸಾಲುಗಳನ್ನೆಲ್ಲ ಸಾಲಾಗಿ ನೋಡಿದಳು. ಎಲ್ಲವೂ ಮಧ್ಯಾಹ್ನದ ಊಟದ ನಂತರದವು. ನಡುನಡುವೆ ಕೆಲವು ದಿನ ತಕರಾರೇ ಇಲ್ಲ. ಆ ದಿನಗಳಲ್ಲಿ ಏನಿತ್ತು? ನರಹರಿಗೆ ಫೋನು ಮಾಡಿದಳು.

"ಕಾಕಾ, ಸೋಮವಾರ, ಮಂಗಳವಾರ ನಿಮ್ಮಲ್ಲಿ ಮಳೆ ಇತ್ತಾ?"

"ಇಲ್ಲ ಪೋರಿ. ಎರಡೂ ದಿನ ಛಲೋ ಬಿಸಿಲು."

ಬಿಸಿಲಿದ್ದ ದಿನ ಸುಮ್ಮನಿದ್ದು, ಮಳೆ ಬಂದ ದಿನ ಕಾವೇರುವ ಯಂತ್ರ! ರತ್ನಾಕರ ಕೇಳಿ ನಕ್ಕುಬಿಟ್ಟರು. "ವೈರಿಂಗಿನಲ್ಲಿ ನೀರು ಹೊಕ್ಕಿರಬೇಕು" ಎಂದರು. ಇರಬಹುದು. ಆದರೆ ನೀರು ಹೊಕ್ಕರೆ ಬೆಳಗಿನ ಜಾವದ ಮಳೆಗೂ ಕೆಡಬೇಕಿತ್ತಲ್ಲ? ಮಂಜುಶ್ರೀ ಮರುದಿನವೇ ಮತ್ತೆ ಬಸ್ಸು ಹತ್ತಿದಳು.

ಮುಂಜಾನೆಯೆಲ್ಲ ಬಸ್ಸಿನಲ್ಲಿ ಕಳೆದು ಮಧ್ಯಾಹ್ನದ ಹೊತ್ತಿಗೆ ಅವಳು ಮಾಳಿಗೆಯಲ್ಲಿದ್ದಳು. ಯಂತ್ರದ ಪಕ್ಕದಲ್ಲೇ ಲಿಫ್ಟಿನ ಕೋಣೆ. ಅದರ ತಗಡಿನ ಇಳಿಜಾರು ಮಾಡು ಯಂತ್ರದ ಒಂದು ಮಗ್ಗುಲಿಗೆ ಕೊಡೆ ಹಿಡಿದಂತಿತ್ತು. ಸ್ವಿಚ್ಚಿನ ಪೆಟ್ಟಿಗೆ ಬಿಚ್ಚಿ ನೋಡಿದಳು: ಒಣಗಿತ್ತು. ಮತ್ತೆ ಮುಚ್ಚಿ, ಗೇಜು ಮಾತ್ರ ಹಚ್ಚಿಟ್ಟು, ನೀರಿನ ಟ್ಯಾಂಕಿನ ಮರೆಯಲ್ಲಿ ಒಣಗಿದ ಜಾಗ ಹುಡುಕಿ ಕೂತು ಡಬ್ಬಿ ಬಿಚ್ಚಿದಳು. ಅವ್ವ ಪ್ರೇಮಾಬಾಯಿ ಬೆಳಿಗ್ಗೆ ಕಟ್ಟಿಕೊಟ್ಟಿದ್ದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಮಳೆ ಹನಿಯುತ್ತಿತ್ತು. ಯಂತ್ರ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು.

ಮೆಟ್ಟಿಲ ಬಾಗಿಲು ಕಿರ್ರೆಂದಿತು. ಬರಿಗಾಲಿನ ಮುದುಕಿಯೊಬ್ಬಳು ಬಕೆಟ್ಟು ಹಿಡಿದು ಬಂದಳು. ಕಚ್ಚೆ ಹಾಕಿದ ಹಸಿರು ಇಳಕಲ್ಲ ಸೀರೆ, ಹಣೆಯಲ್ಲಿ ವಿಭೂತಿ. ಅತ್ತಿತ್ತ ನೋಡದೆ ಸೀದಾ ಯಂತ್ರದ ಹತ್ತಿರ ಹೋಗಿ, ಮಾಡಿನ ಕೆಳಗೆ ನಿಂತು, ಬಕೆಟ್ಟಿನಿಂದ ಒಂದೊಂದೇ ಬಟ್ಟೆ ತೆಗೆದು ಕೊಡವಿ ಜಾಲರಿಗೆ ಅಂಟಿಸತೊಡಗಿದಳು. ಹಳೆಯ ಸೀರೆ ಹರಿದು ಮಾಡಿದ ಮೆತ್ತನೆಯ ಚೌಕಗಳು. ಹಗ್ಗ ಬೇಕಿಲ್ಲ, ಕ್ಲಿಪ್ಪು ಬೇಕಿಲ್ಲ. ಯಂತ್ರ ಒಳಗೆಳೆಯುವ ಗಾಳಿಯೇ ಬಟ್ಟೆಯನ್ನು ಗಪ್ಪನೆ ಹಿಡಿದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಜಾಲರಿಯ ಇಡೀ ಮಗ್ಗುಲು ಕಾಣದಾಯಿತು.

ಮಂಜುಶ್ರೀ ಬಾಯಲ್ಲಿದ್ದ ತುತ್ತು ಅಗಿಯುವುದನ್ನೇ ಮರೆತಳು. ಗೇಜಿನ ಮುಳ್ಳು ಮೆಲ್ಲಗೆ ಮೇಲೇರುತ್ತಿತ್ತು. ಏರಿ ಏರಿ, ಕೊನೆಗೆ ಟಕ್. ಯಂತ್ರ ನಿಂತಿತು. ಫ್ಯಾನು ಸೊರಗಿ ಸ್ತಬ್ಧವಾಯಿತು. ಹಿಡಿತ ತಪ್ಪಿದ ಬಟ್ಟೆಗಳು ಒಂದರ ಹಿಂದೊಂದು ಕೆಳಗೆ ಜಾರಿದವು. ಮುದುಕಿ ಅವನ್ನು ಆಯ್ದುಕೊಳ್ಳುತ್ತ ಯಂತ್ರಕ್ಕೆ ಹೇಳಿದಳು:

"ಇಷ್ಟ ಲಗೂನ ದಣಿದ್ಯಾ ಏನಪಾ? ಇನ್ನಾ ಎರಡು ಹಸಿ ಅವ."

ಕನ್ನಡ! ಮಂಜುಶ್ರೀ ಎದ್ದು ನಿಂತಳು. ಹೇಳಬೇಕಾದ ಮಾತು ಮರಾಠಿಯಲ್ಲಿ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಕನ್ನಡವನ್ನು ಹುಡುಕಿದಳು.

"ಅಜ್ಜಿ... ಹಂಗ ಮಾಡಬ್ಯಾಡ್ರಿ. ಅದಕ್ಕ... ಉಸಿರು ಬೇಕಾಗ್ತದ."

ಮುದುಕಿ ಬೆಚ್ಚಿಬಿದ್ದು ಬಟ್ಟೆಗಳನ್ನು ಎದೆಗವಚಿಕೊಂಡಳು. ಆಮೇಲೆ ಕೇಳಿದ್ದರ ಅರ್ಥ ಆಗಿ ಅವಳ ಮುಖ ಅರಳಿತು. "ಯಾರವ್ವ ನೀ? ಕನ್ನಡದಾಕಿ ಏನ? ಯಾ ಊರು ನಿಂದು?"

ಅವಳ ಹೆಸರು ಲಕ್ಷ್ಮವ್ವ. ಆಳಂದದ ಹತ್ತಿರದ ಹಳ್ಳಿ. ಅಳಿಯ ಬಸವಕುಮಾರ ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆಗಳಿಗಾಗಿ ನಡೆದಿದ್ದ ರಸ್ತೆ ಕೆಲಸದಲ್ಲಿ ಸೂಪರ್‌ವೈಸರ್. ಮಗಳು ಊರ್ಮಿಳಾಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಕೂಸಿಗೆ ಸುತ್ತುವ ಬಟ್ಟೆಯನ್ನು ಮನೆಯವರೇ ಒಗೆದು ಕೊಡಬೇಕು. ಮಳೆಯಲ್ಲಿ ಎಲ್ಲಿ ಒಣಗಿಸುವುದು? ಬಿಸಿಲು ಬಿದ್ದ ದಿನ ಗೋಡೆಯ ಮೇಲೆ ಹಾಕುತ್ತಿದ್ದಳು. ಮಳೆ ಬಂದ ದಿನ ಈ ಯಂತ್ರ ಸಿಕ್ಕಿತ್ತು.

"ಇದರ ಗಾಳಿ ಎಲ್ಲಿ ಹೋಗ್ತದವ್ವ?" ಎಂದಳು ಲಕ್ಷ್ಮವ್ವ, ಸಹಜವಾಗಿ.

 ಮರಾಠಿಯಾಗಿದ್ದರೆ ಮಂಜುಶ್ರೀ ಮಾತನ್ನು ಹೇಗಾದರೂ ತೇಲಿಸಿಬಿಡುತ್ತಿದ್ದಳು. ಸುತ್ತಿಬಳಸಿ ಹೇಳುವಷ್ಟು ಕನ್ನಡ ಅವಳ ಬಳಿ ಇರಲಿಲ್ಲ. ಇದ್ದ ನಾಲ್ಕು ಮಾತು ನೆಟ್ಟಗೆ ಹೊರಬಂದವು.

"ಸಣ್ಣ ಕೂಸುಗಳ ರೂಮಿಗ್ರಿ."

ಲಕ್ಷ್ಮವ್ವ ಅಲ್ಲೇ ನೆಲದ ಮೇಲೆ ಕುಳಿತಳು. ಅಳಲಿಲ್ಲ. ಮಡಿಲಲ್ಲಿದ್ದ ಹಸಿ ಬಟ್ಟೆಗಳನ್ನು ನೋಡುತ್ತ, "ನಾನೇ ನನ್ನ ಮೊಮ್ಮಗಳ ಗಾಳಿ ಕಟ್ಟಿದ್ನಾ?" ಎಂದಳು.

ಮಂಜುಶ್ರೀ ಒದ್ದೆ ನೆಲವನ್ನೂ ಲೆಕ್ಕಿಸದೆ ಪಕ್ಕದಲ್ಲಿ ಕೂತಳು. "ಇಲ್ರಿ. ಕೇಳ್ರಿ. ಅಲ್ಲಿ ದುಸರಾ ಮಶೀನ್ ಅದ. ಇದು ನಿಂತ್ರ ಅದು ಚಾಲೂ ಆಗ್ತದ. ಅಗೋ, ಸಪ್ಪಳ ಕೇಳ್ರಿ." ಮಾಳಿಗೆಯ ಆ ತುದಿಯಲ್ಲಿ ಹಳೆಯ ಯಂತ್ರ ಕೆಮ್ಮುತ್ತ ಕೆಮ್ಮುತ್ತ ಓಡುತ್ತಿತ್ತು. ಮೊಬೈಲು ತೆಗೆದು ವಾರ್ಡಿನ ತಾಪಮಾನದ ಗೆರೆ ತೋರಿಸಿದಳು. ಇಷ್ಟು ದಿನವೂ ಅದು ನೇಗಿಲ ಸಾಲಿನಂತೆ ನೆಟ್ಟಗೆ ಹೋಗಿತ್ತು. "ಕೂಸಿಗೆ ಏನೂ ಆಗಿಲ್ಲ."

"ಎಲ್ಲಾರೂ ಅದೇ ಅಂತಾರ" ಎಂದಳು ಲಕ್ಷ್ಮವ್ವ. "ಅಳಿಯ ಸಂಜೀಕ ಬರ್ತಾನ, ಛಲೋ ಅದ ಅತ್ತಿ ಅಂತಾನ. ಮಗಳೂ ಛಲೋ ಅದ ಅಂತಾಳ. ಡಾಕ್ಟರ್ ಅಂದದ್ದು ನನಗ ತಿಳಿಯಂಗಿಲ್ಲ. ಛಲೋ ಇದ್ದ ಕೂಸಿಗಿ ಗಾಜಿನ ಪೆಟಗಿ ಯಾಕವ್ವ?" ಸ್ವಲ್ಪ ತಡೆದು ಮಂಜುಶ್ರೀಯ ಕೈ ಹಿಡಿದಳು. "ನೀ ಈಗ ನನಗ ಖರೇ ಹೇಳಿದಿ. ನಿನಗ ನಾ ಯಾರೂ ಅಲ್ಲ, ಸುಳ್ಳು ಹೇಳೂ ಜರೂರಿಲ್ಲ. ನೀನೇ ಕೇಳಿ ಹೇಳು."

ಯಂತ್ರವನ್ನು ಮತ್ತೆ ಚಾಲೂ ಮಾಡಿ, ಅದು ಸರಿಯಾಗಿ ಓಡುವುದನ್ನು ನೋಡಿಕೊಂಡು, ಮಂಜುಶ್ರೀ ಅವಳ ಜೊತೆ ಕೆಳಗಿಳಿದಳು. ವಾರ್ಡಿನ ಹೊರಗೆ ನರ್ಸ್ ಹರಿಣಾಕ್ಷಿ ಸಿಕ್ಕಳು. ದಿನವೂ ಗಾಜಿಗೆ ಮೂಗು ಹಚ್ಚಿ ನಿಲ್ಲುವ ಈ ಅಜ್ಜಿಯನ್ನು ಅವಳು ಬಲ್ಲಳು. ಮಾತಾಡಿಸಲು ಭಾಷೆ ಇರಲಿಲ್ಲ ಅಷ್ಟೆ. ಮಂಜುಶ್ರೀ ಮರಾಠಿಯಲ್ಲಿ ಕೇಳಿದಳು. ಹರಿಣಾಕ್ಷಿ ಕೂಸಿನ ಚಾರ್ಟು ಒಮ್ಮೆ ನೋಡಿ ಬಂದು ಒಂದೊಂದಾಗಿ ಹೇಳಿದಳು.

 ಲಕ್ಷ್ಮವ್ವ ಮಂಜುಶ್ರೀಯ ಮುಖವನ್ನೇ ನೋಡುತ್ತಿದ್ದಳು. "ಹೇಳವ್ವ. ಏನಂದ್ಲು?"

"ಮೊದಲು... ಕೂಸು ಉಸಿರಾಡೋದು ಮರೀತಿತ್ತಂತ. ನಡುನಡುವ. ಅದಕ್ಕ ನಳಿ ಹಾಕಿದ್ರಂತ."  ಮಂಜುಶ್ರೀ ನಿಲ್ಲಿಸಲಿಲ್ಲ. "ಈಗ ಮರಿಯೋದಿಲ್ಲಂತ. ಹೋದ ವಾರ ನಳಿ ತಗದಾರ. ವಜನ್ ಮೊದಲು ಕಮ್ಮಿ ಆಗಿತ್ತು, ಈಗ ದಿನಾ ಏರ್ಲಕತ್ತದಂತ. ಹಾಲು ತಾನೇ ಚೀಪ್ಲಿಕ್ಕೆ ಕಲೀಬೇಕು. ಅದು ಕಲಿತ್ರ ಮನಿಗಿ ಬಿಡ್ತಾರಂತ."

ಲಕ್ಷ್ಮವ್ವ ದೀರ್ಘವಾಗಿ ಉಸಿರುಬಿಟ್ಟಳು. "ಹಿಂಗ ಹೇಳಿದ್ರ ತಿಳೀತದ ನೋಡು" ಎಂದಳು. "ಕೆಟ್ಟದ್ದು ಇತ್ತು, ಹೋತು. ಈಗ ನನಗ ಧೈರ್ಯ ಬಂತು." ಆಮೇಲೆ ಏನೋ ನೆನಪಾಗಿ, "ಅಳ್ತದ ಏನು ಕೇಳು. ಗಾಜಿನ್ಯಾಗಿಂದ ಬಾಯಿ ತೆರೆಯೂದು ಕಾಣ್ತದ, ದನಿ ಕೇಳಂಗಿಲ್ಲ."

ಮಂಜುಶ್ರೀ ಅದನ್ನು ಮರಾಠಿಯಲ್ಲಿ ಕೇಳಿದಾಗ ಹರಿಣಾಕ್ಷಿ ನಕ್ಕಳು. ಆಚೀಚೆ ನೋಡಿ ಬಾಗಿಲನ್ನು ಗೇಣಗಲ ತೆರೆದು ಹಿಡಿದಳು. ಒಳಗಿನ ಹದವಾದ ಗಾಳಿಯ ಜೊತೆಗೆ ಎಲ್ಲೋ ಮೂಲೆಯಿಂದ ಬೆಕ್ಕಿನ ಮರಿಯಂಥ ಸಣ್ಣ ದನಿಯೊಂದು, ಸಿಟ್ಟಿನಿಂದ, ಬಿಡದೆ, ಬರುತ್ತಿತ್ತು. "ಅದೇ ನಿಮ್ಮದು" ಎಂದು ಬೆರಳು ತೋರಿಸಿದಳು. ಲಕ್ಷ್ಮವ್ವ ಕಿವಿಗೊಟ್ಟು ನಿಂತಳು. ಅವಳ ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನರಹರಿ ಕಾಕಾ ಲಿಫ್ಟಿನ ಕೋಣೆಯ ಕೀಲಿ ತೆಗೆದ. ಮೊದಲು ಗೊಣಗಿದ: ಇದು ಸಾಹೇಬರಿಗೆ ಗೊತ್ತಾದರೆ ರೋಗಿಗಳ ಕಡೆಯವರನ್ನು ಮಾಳಿಗೆಗೇ ಬಿಡುವುದಿಲ್ಲ, ತನಗೂ ಬೈಗುಳ. ಆಮೇಲೆ ತಾನೇ ಒಂದು ನೈಲಾನ್ ಹಗ್ಗ ಹುಡುಕಿ ತಂದ. ಲಿಫ್ಟಿನ ಮೋಟರಿನಿಂದ ದೂರವಾಗಿ, ಕಿಟಕಿಯ ಗಾಳಿ ಬೀಳುವ ಕಡೆ, ಗೋಡೆಯಿಂದ ಗೋಡೆಗೆ ಅದನ್ನು ಬಿಗಿದರು. ಲಕ್ಷ್ಮವ್ವ ಉಳಿದ ಹಸಿ ಬಟ್ಟೆಗಳನ್ನು ಅದರ ಮೇಲೆ ಹರವಿ, ಹಗ್ಗ ಜಗ್ಗಿ ನೋಡಿ, "ಗಟ್ಟಿ ಅದ" ಎಂದು ಒಪ್ಪಿದಳು. ಮಂಜುಶ್ರೀ ಯಂತ್ರದ ಜಾಲರಿಯಿಂದ ಒಂದು ಮೊಳ ಬಿಟ್ಟು ತಂತಿಯ ಬೇಲಿ ಕಟ್ಟಿದಳು. ನಾಳೆ ಇನ್ನೊಬ್ಬ ಅಜ್ಜಿ ಬರಬಹುದಲ್ಲ.

"ಏನಾಗಿತ್ತು?" ಎಂದು ರತ್ನಾಕರ ಫೋನಿನಲ್ಲಿ ಕೇಳಿದರು.

"ಗಾಳಿಗೆ ಅಡ್ಡ ಇತ್ತು ಸರ್, ತೆಗೆಸಿದೆ" ಎಂದಳು. ಪೂರ್ತಿ ಕಥೆಯನ್ನು ಮರುದಿನ ಚಹಾ ಕುಡಿಯುವಾಗ ಹೇಳಿದಳು. ಅವರು ಈ ಸಲ ನಗಲಿಲ್ಲ. ಬೇರೆ ಆಸ್ಪತ್ರೆಗಳ ಮಾಳಿಗೆಗಳಿಗೂ ಬೇಲಿ ಹಾಕಿಸಬೇಕು, ಹಾಗೇ ಬಟ್ಟೆ ಒಣಗಿಸಲು ಜಾಗ ತೋರಿಸಬೇಕು ಎಂದರು.

ಆ ಮಳೆಗಾಲ ಪೂರ್ತಿ ಆ ಯಂತ್ರದಿಂದ ಕೆಂಪು ಸಾಲು ಬರಲಿಲ್ಲ. ಶ್ರಾವಣದ ನಡುವಿಗೆ ಕೂಸು ಹಾಲು ಚೀಪುವುದನ್ನು ಕಲಿತು ಮನೆಗೆ ಹೋಯಿತು. ಬಸವಕುಮಾರ ಫೋನು ಮಾಡಿ ಸುದ್ದಿ ಕೊಟ್ಟ. ಅತ್ತೆಯಿಂದ ಏನನ್ನೂ ಮುಚ್ಚಿಡಬಾರದಿತ್ತು, ಹೆದರಿಯಾಳು ಅಂತ ನಾನೇ ಹೆದರಿಕೊಂಡಿದ್ದೆ ಎಂದ. ಅಷ್ಟರಲ್ಲಿ ಲಕ್ಷ್ಮವ್ವ ಅವನ ಕೈಯಿಂದ ಫೋನು ಕಸಿದುಕೊಂಡಳು. ಕೂಸಿಗೆ ಅಪೂರ್ವ ಅಂತ ಹೆಸರಿಡುತ್ತೇವೆ, ತೊಟ್ಟಿಲಿಗೆ ಬರಬೇಕು, ಬರುವಾಗ ಅವ್ವನನ್ನೂ ಕರೆದುಕೊಂಡು ಬಾ ಎಂದು ಅಪ್ಪಣೆ ಮಾಡಿದಳು.

"ಬರ್ತೀವ್ರಿ" ಎಂದಳು ಮಂಜುಶ್ರೀ. ಮುಂದಿನ ರವಿವಾರ ತಾಯಿ ಮಗಳಿಬ್ಬರೂ ಬಸ್ಸಿನ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಕೂಸಿನ ತಲೆಗೊಂದು ಕುಂಚಿಗೆ, ಬೆಳ್ಳಿಯ ಗೆಜ್ಜೆ ಇಟ್ಟುಕೊಂಡು ಹೊರಟರು.