ನಾಲ್ಕನೇ ಪೊಟ್ಟಣ

ಮೊಳೆಗೆ ಚುಚ್ಚಿದ್ದ ಖಾಲಿ ಕಾಗದಗಳನ್ನು ಮಗಳು ಎರಡು ಸಲ ಎಣಿಸಿದಳು. ಕಾಗದ ನಾಲ್ಕಿದ್ದವು. ಅಂದು ಬಂದ ಮಾಂಸ ಮೂರೇ ತೊಟ್ಟಿ.

ಅದು ಸಾಸೇಜ್ ಮಾಡುವ ಪುಟ್ಟ ಕಾರ್ಖಾನೆ. ಮಾಂಸ ಕೆಡದಂತೆ ಬೆರೆಸುವ ಗುಲಾಬಿ ಉಪ್ಪು, ಅಂದರೆ ನೈಟ್ರೈಟ್ ಬೆರೆತ ಪುಡಿ, ತೂಗುವ ಕೆಲಸ ಅಪ್ಪನದು. ಮೂವತ್ತು ವರ್ಷಗಳಿಂದ ಆ ತಕ್ಕಡಿಯನ್ನು ಇನ್ನೊಬ್ಬರಿಗೆ ಮುಟ್ಟಗೊಟ್ಟವನಲ್ಲ. ತೊಟ್ಟಿಗೊಂದರಂತೆ ಪೊಟ್ಟಣ ಕಟ್ಟುವುದು, ಸುರಿದ ಮೇಲೆ ಕಾಗದವನ್ನು ಮೊಳೆಗೆ ಚುಚ್ಚುವುದು ಅವನ ಪದ್ಧತಿ. ಅಡುಗೆ ಉಪ್ಪೆಂದು ಯಾರೂ ಮೋಸಹೋಗದಿರಲೆಂದೇ ಆ ಉಪ್ಪಿಗೆ ಗುಲಾಬಿ ಬಣ್ಣ. ಹಾಕದಿದ್ದರೆ ಮಾಂಸದೊಳಗೆ ವಾಸನೆಯೂ ಬಾರದ ವಿಷ ಹುಟ್ಟಬಹುದು; ಹೆಚ್ಚಾದರೆ ತಿಂದವರ ತುಟಿ ನೀಲಿಗಟ್ಟಿ ಉಸಿರಿಗೇ ಕುತ್ತು. ಪೌಡರ್ ಎಂದರೆ ಮೂಗು ಮುರಿಯುವ ಗಿರಾಕಿಗಳಿಗೆ ಅಪ್ಪ ಇದನ್ನೇ ಬಾಯಿ ನೋಯುವಷ್ಟು ಹೇಳುತ್ತಿದ್ದ.

ನಾಲ್ಕನೇ ತೊಟ್ಟಿಯ ಮಾಂಸ ಬರುವುದಿಲ್ಲವೆಂದು ಫೋನ್ ಬಂದದ್ದು ಅವನು ನಾಲ್ಕೂ ಪೊಟ್ಟಣ ಕಟ್ಟಿದ ಮೇಲೆ. ಮೂರೂ ತೊಟ್ಟಿಗಳನ್ನು ಆಗಲೇ ಕಲೆಸಿಯಾಗಿತ್ತು. ಯಾವುದಕ್ಕಾದರೂ ಎರಡು ಪೊಟ್ಟಣ ಬಿದ್ದಿದೆಯೇ ಎಂದು ಬಣ್ಣ ನೋಡಿ ಹೇಳುವಂತಿರಲಿಲ್ಲ. ಪರೀಕ್ಷೆಗೆ ಕಳಿಸಿದರೆ ನಾಲ್ಕು ದಿನ ಬೇಕು, ಬೆಳಗಾದರೆ ಮಾಲು ಮಕ್ಕಳ ಹಾಸ್ಟೆಲಿಗೆ ಹೋಗಬೇಕು.

ಕೇಳಿದರೆ, ಉಳಿದ ಪೊಟ್ಟಣವನ್ನು ಉಪ್ಪಿನ ಡಬ್ಬಕ್ಕೇ ವಾಪಸ್ ಸುರಿದೆ ಎಂದ ಅಪ್ಪ. ಮತ್ತೊಮ್ಮೆ ಕೇಳಿದಳು. ಸುರಿದಿರಬೇಕು ಎಂದ. ಮೂರನೇ ಸಲ ಕೇಳಿದ್ದೇ ತಡ, ಅವನ ಪಿತ್ತ ನೆತ್ತಿಗೇರಿತು. ನಡುವಿನ ತೊಟ್ಟಿಯಿಂದ ಒಂದು ಮುಷ್ಟಿ ತೆಗೆದು ಹೆಂಚಿನ ಮೇಲೆ ಹುರಿದು ಬಾಯಿಗೆ ಒಯ್ದ. ಅವಳು ಕೈಗೆ ಹೊಡೆದಳು. ತುಂಡು ನೆಲಕ್ಕೆ ಬಿತ್ತು. ಹುಟ್ಟಿದಾಗಿನಿಂದ ಅಪ್ಪನ ಮೇಲೆ ಕೈಯೆತ್ತಿದವಳಲ್ಲ.

"ನನ್ನ ಕೈ ಮೇಲೆ ನಂಬಿಕೆ ಹೋಯ್ತಾ ನಿಂಗೆ?"

"ಕೈ ಮೇಲಿದೆ ಅಪ್ಪಾ. ನಿನ್ನ ನೆನಪಿನ ಮೇಲೆ ಇಲ್ಲ."

ತಿಂಗಳಿಂದ ಹೇಳದೆ ಉಳಿಸಿಕೊಂಡಿದ್ದ ಮಾತು ಅದು. ಅವನು ಕೀಲಿ ಮರೆತದ್ದನ್ನು, ಒಲೆ ಆರಿಸದೆ ಬಂದದ್ದನ್ನು ವಯಸ್ಸಾಯಿತೆಂದು ನಕ್ಕು ತಳ್ಳಿಹಾಕಿದ್ದಳು. ಇದು ನಗುವ ವಿಷಯವಲ್ಲ, ಮಕ್ಕಳ ತಟ್ಟೆಯ ವಿಷಯ.

ಅಪ್ಪ ನೆಲಕ್ಕೆ ಬಿದ್ದ ತುಂಡನ್ನು ಎತ್ತಿ ತೊಟ್ಟಿಗೆ ಹಾಕಿದ. ಆಮೇಲೆ ಜಗಳವಾಡಲಿಲ್ಲ. ಎಲ್ಲಾ ಎಸೆಯೋಣ, ಯಾರೂ ಎತ್ತಿಕೊಂಡು ತಿನ್ನಬಾರದು ಎಂದು ಫಿನೈಲ್ ಬಾಟಲಿ ತಂದ. ಅವಳು ಹಾಸ್ಟೆಲಿಗೆ ಫೋನ್ ಮಾಡಿ, ನಾಳೆ ಮಾಲಿಲ್ಲವೆಂದು ಬೈಸಿಕೊಂಡಳು. ಅಪ್ಪ ಒಂದೊಂದೇ ತೊಟ್ಟಿಗೆ ಸುರಿಯುತ್ತಾ ಹೋದ. ಮೂರನೆಯದೂ ಮುಗಿಯಿತು. ಕೋಣೆಯೆಲ್ಲ ಘಾಟು.

ಅವನು ತಿರುಗಿ ಮೊದಲನೇ ತೊಟ್ಟಿಯ ಮುಂದೆ ಬಾಟಲಿ ಹಿಡಿದು ನಿಂತ. ಸುರಿಯಲಿಲ್ಲ. ಮಗಳ ಮುಖವನ್ನು ಹೆದರಿಕೆಯಿಂದ ನೋಡಿದ.

"ಇದಕ್ಕೆ ಹಾಕಿದ್ನಾ?"

"ಹಾಕಿದೀಯಪ್ಪಾ," ಎಂದು ಅವಳು ಬಾಟಲಿಯನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.