ಕಟ್ಟಿದ ಗಂಟೆ

ಹರಿಹರದಲ್ಲಿ ನನ್ನ ತವರುಮನೆಯ ಓಣಿಯಲ್ಲೊಂದು ಚಿಕ್ಕ ಚರ್ಚ್ ಇದೆ. ಅದರ ಗಂಟೆಯನ್ನು ನನ್ನ ತಮ್ಮ ಯೋಗರಾಜ್ ಬಿಟ್ಟು ಬೇರೆಯವರು ಮುಟ್ಟುವಂತಿಲ್ಲ; ಮುಟ್ಟಿದರೆ ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಾನೆ. ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರದ ಪೂಜೆಯಾದ ಮೇಲೆ ಅದರ ಹಗ್ಗವನ್ನು ಸುತ್ತಿ ಗೋಡೆಯ ಕೊಕ್ಕೆಗೆ ಕಟ್ಟುವವನೂ ಅವನೇ. ಯೇಸು ಸಮಾಧಿಯಲ್ಲಿರುವಾಗ ಗಂಟೆ ಬಾಯಿ ಬಿಡಬಾರದು. ಶನಿವಾರದ ಪಾಸ್ಖ ಪೂಜೆಯಲ್ಲಿ, ಅಂದರೆ ಯೇಸು ಎದ್ದುಬಂದ ಹಬ್ಬದ ಪೂಜೆಯಲ್ಲಿ, ಮಹಿಮಾಗೀತೆ ಎತ್ತಿಕೊಳ್ಳುವವರೆಗೆ, ಯಾರಾದರೂ ಸತ್ತರೂ ಗಂಟೆಯಿಲ್ಲ. ಮರದ ಗಿಲಕಿಯ ಟಕಟಕ ಸದ್ದೇ ಗತಿ.

ಈ ವರ್ಷ ಹಗ್ಗ ಕಟ್ಟಿದ ಮರುದಿನವೇ ದಾವಣಗೆರೆಯ ಆಸ್ಪತ್ರೆಯವರು ಅವನ ಹೆಂಡತಿ ಪುಷ್ಪಲತಾಳನ್ನು ವಾಪಸ್ ಕಳಿಸಿದರು. ರಕ್ತಕ್ಕೆ ನಂಜೇರಿದೆ, ನಮ್ಮ ಕೈಲಾಗೋದು ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗ್ರಿ ಅಂದರು. ಅದೇ ಊರಿನ ಪಿ.ಜೆ. ಬಡಾವಣೆಯ ನನ್ನ ಮನೆಯಿಂದ ಆಸ್ಪತ್ರೆಗೆ ಓಡಿಬಂದು ನಾನು ಜಗಳಕ್ಕೂ ನಿಂತೆ. ನನ್ನ ಬಾಯಿ ಜೋರು ಅಂತ ಎಲ್ಲರಿಗೂ ಗೊತ್ತು. ಅವತ್ತು ಅದೂ ಕೆಲಸಕ್ಕೆ ಬರಲಿಲ್ಲ. ಆಸ್ಪತ್ರೆಯ ಆಂಬುಲೆನ್ಸಿನಲ್ಲೇ ಹರಿಹರಕ್ಕೆ ಬಂದೆವು. ಮನೆ ಹೊಕ್ಕವನೇ ಯೋಗರಾಜ್ ಗೋಡೆಯ ಮೊಳೆಯಿಂದ ಜಪಸರ ತೆಗೆದು ಗುಂಡಿ-ಸೂಜಿಯ ಡಬ್ಬಿಯೊಳಗೆ ಹಾಕಿದ.

"ಇನ್ನ ಗಂಟಿ ಗಿಂಟಿ ಬೇರೆ ಯಾರಾದ್ರೂ ನೋಡ್ಕೊಳ್ಳಲಿ ಅಕ್ಕ. ನನಗೂ ಆ ದೇವರಿಗೂ ಮಾತು ಮುಗೀತು" ಅಂದ.

ಶನಿವಾರ ಮುಂಜಾನೆ ಪುಷ್ಪಾ ಕಣ್ಣು ಬಿಡದೆಯೇ ಅಂದಳು: "ಗಂಟಿ."

ನಾನು ಹೊಸ್ತಿಲಿಗೆ ಬಂದು ಕಿವಿಗೊಟ್ಟೆ. ಓಣಿ ಮೌನವಾಗಿತ್ತು. ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಒಳಗೆ ಬಂದು ನೋಡಿದರೆ ಅವಳ ತೋರುಬೆರಳು ಕಬ್ಬಿಣದ ಮಂಚದ ಪಟ್ಟಿಯನ್ನು ಬಡಿಯುತ್ತಿತ್ತು. ಅವಳಿಗೆ ನಿದ್ದೆ ಹತ್ತಿತು, ಬೆರಳು ನಿಲ್ಲಲಿಲ್ಲ. ಪಕ್ಕದ ಮನೆಯ ಅಮೀನಾಬೀ ಬಂದು ಅದನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಿಟ್ಟ ಕೂಡಲೇ ಮತ್ತೆ ಬಡಿಯಿತು.

"ಅಕ್ಕಾ, ಮೈಯೆಲ್ಲಾ ಹೆಣದಂಗೆ ಬಿದ್ದೈತೆ. ಈ ಬೆರಳಿಗೆ ಮಾತ್ರ ಹೆಂಗೆ ಶಕ್ತಿ ಬಂತ್ರಿ?"

ಕಟ್ಟಿಟ್ಟ ಗಂಟೆ ಅವಳೊಬ್ಬಳಿಗೇ ಕೇಳುತ್ತಿದೆ ಅಂದರೆ ಅದು ಅವಳ ಸಾವಿನ ಗಂಟೆಯಲ್ಲದೆ ಮತ್ತೇನು? ನಾನು ತಡಮಾಡುವವಳಲ್ಲ. ಟ್ರಂಕಿನಿಂದ ಅವಳ ಮದುವೆಯ ಸೀರೆ ತೆಗೆದಿಟ್ಟೆ. ನಮ್ಮ ಮನೆತನದಲ್ಲಿ ಅದನ್ನೇ ಉಡಿಸಿ ಮಣ್ಣಿಗೆ ಕಳಿಸುವುದು. ಮೇಣದಬತ್ತಿ ಹಚ್ಚಿ, ಸಾಯುವವರಿಗೆ ಹೇಳುವ ಪ್ರಾರ್ಥನೆ ಶುರುಮಾಡಿದೆ. ಯೋಗರಾಜ್ ಹಿತ್ತಲ ಮೆಟ್ಟಿಲು ಬಿಟ್ಟು ಏಳಲಿಲ್ಲ.

ನಮ್ಮ ಫಾದರ್ ಇನ್ನೊಂದು ಊರಿಗೂ ಹೋಗಬೇಕಿತ್ತು. ಹಾಗಾಗಿ ಹೊತ್ತು ಮುಳುಗುತ್ತಿದ್ದಂತೆಯೇ ಪಾಸ್ಖ ಪೂಜೆಗೆ ಕರೆಯುತ್ತ ಗಿಲಕಿಯ ಟಕಟಕ ಓಣಿಯಲ್ಲಿ ಹಾದುಹೋಯಿತು. ಆಗ ಯೋಗರಾಜ್ ಒಳಗೆ ಬಂದ. ಸೀರೆ ನೋಡಿ ಅವನ ಕಣ್ಣು ಕೆಂಪಾಯಿತು.

"ಜೀವ ಇರೋವಾಗಲೇ ಸೀರಿ ತೆಗೆದಿಟ್ಟಿಯಲ್ಲ, ನಿನಗೇನು ಹೃದಯ ಐತಾ?"

"ಗಂಟಿ ಕೇಳ್ತೈತಂತಪ್ಪ ಅವಳಿಗೆ. ಬೆಳಗ್ಗಿಂದ."

ಅವನು ಮಂಚದ ಕಡೆ ತಿರುಗಿದ. ಬೆರಳನ್ನೇ ನೋಡುತ್ತ ಬಗ್ಗಿದ. ಬಾಯೊಳಗೇ ಬಡಿತ ಎಣಿಸಿದ.

"ಅಕ್ಕ, ಸತ್ತವರಿಗೆ ಹಿಂಗೆ ಬಾರ್ಸಲ್ಲ. ಒಂದು ಏಟು ಹಾಕಿ, ಆ ಸದ್ದು ಪೂರಾ ಅಡಗಿದ ಮ್ಯಾಲೆ ಇನ್ನೊಂದು. ಇದು ನೋಡು, ಉಸಿರು ಬಿಡದಂಗೆ ಹೊಡೀತೈತೆ." ಅವನು ನನ್ನ ಕಡೆ ತಿರುಗಿದ. "ಇದು ಪಾಸ್ಖದ ಗಂಟಿ. ನಾನು ಬಾರ್ಸೋ ಥರಾನೇ."

ಟವಲ್ ಹೆಗಲಿಗೆಸೆದು ಹೊರಟೇಬಿಟ್ಟ. ಅಮೀನಾಬೀಯನ್ನು ಪುಷ್ಪಾಳ ಹತ್ತಿರ ಕೂಡಿಸಿ ನಾನೂ ಹಿಂದೆ ಓಡಿದೆ.

ಜನರೆಲ್ಲ ಅಂಗಳದಲ್ಲಿ ಪಾಸ್ಖದ ಮೇಣದಬತ್ತಿ ಹಚ್ಚಲು ಹೊತ್ತಿಸಿದ ಹೊಸ ಬೆಂಕಿಯ ಸುತ್ತ ನಿಂತಿದ್ದರು. ಚರ್ಚಿನೊಳಗೆ ದೀಪವಿರಲಿಲ್ಲ. ಶೋಕದ ದಿನಗಳೆಂದು ನೇರಳೆ ಬಟ್ಟೆಯ ಮುಸುಕು ಹಾಕಿದ ಪ್ರತಿಮೆಗಳು ಆ ಮಬ್ಬಿನಲ್ಲಿ ಯಾರೋ ಅಪರಿಚಿತರು ಬಂದು ನಿಂತಂತೆ ಕಂಡವು. ಗಂಟೆಯ ಕೋಣೆಯ ಕೀಲಿಕೈ ಗುರುವಾರದಿಂದ ಯೋಗರಾಜನ ಜೇಬಿನಲ್ಲೇ ಇತ್ತು. ಅವನು ಬೀಗ ತೆಗೆದು ಬಾಗಿಲು ದೂಡಿದ.

ಕೊಕ್ಕೆ ಖಾಲಿಯಿತ್ತು. ಬಿಚ್ಚಿದ ಹಗ್ಗ ಇಳಿಬಿದ್ದು, ಮೆಲ್ಲಗೆ ತೂಗುತ್ತಿತ್ತು. ಗಾಳಿ ಅಂದುಕೊಂಡೆ. ಆ ಕೋಣೆಗೆ ಕಿಟಕಿಯೇ ಇಲ್ಲ.

ಯೋಗರಾಜ್ ಅದನ್ನು ಹಿಡಿದು ತಟ್ಟನೆ ಕೈ ಹಿಂದೆಗೆದ. "ಬೆಚ್ಚಗೈತೆ ಅಕ್ಕ. ಯಾರೋ ಈಗಷ್ಟೇ ಬಿಟ್ಟಂಗೆ."

ಅಷ್ಟರಲ್ಲಿ ಜನ ಮೇಣದಬತ್ತಿ ಹಿಡಿದು ಒಳಬಂದರು, ಬೈಬಲ್ ಓದು ಮುಗಿಯಿತು, ಮಹಿಮಾಗೀತೆ ಎದ್ದಿತು. ಯೋಗರಾಜ್ ಹಗ್ಗಕ್ಕೆ ಜೋತುಬಿದ್ದು ಬಾರಿಸಿದ. ಬಾರಿಸುತ್ತ ಅತ್ತ. ಗೀತೆ ಮುಗಿದದ್ದೇ, ಪೂಜೆಗೂ ನಿಲ್ಲದೆ ಇಬ್ಬರೂ ಮನೆಗೆ ಓಡಿದೆವು.

ಅಮೀನಾಬೀ ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು.

"ನಿಮ್ಮ ಗಂಟಿ ಶುರು ಆದ ಕೂಡ್ಲೇ ಬೆರಳು ನಿಂತುಬಿಡ್ತ್ರಿ" ಅಂದಳು.

ಯೋಗರಾಜ್ ಹೊಸ್ತಿಲ ಮೇಲೆ ಕುಸಿದು ಕೂತ. ಎಲ್ಲಾ ಮುಗಿಯಿತು ಅಂದುಕೊಂಡೆ.

ಆಗ ಒಳಗಿನಿಂದ ಸಣ್ಣಗೆ ದನಿ ಬಂತು. "ಯಾಕ್ರೀ ಇಷ್ಟೊತ್ತು ಮಾಡಿದ್ರಿ? ಮುಂಜಾನಿಂದ ನಾನೊಬ್ಬಳೇ ಬಾರ್ಸಿ ಬಾರ್ಸಿ ಕೈ ಸೋತು ಹೋತು. ಸ್ವಲ್ಪ ಗಂಜಿ ಕೊಡ್ರಿ."

ಅಮೀನಾಬೀ ಗಂಜಿಗೆ ಓಡಿದಳು. ಯೋಗರಾಜ್ ಮಂಚದ ಬಳಿ ಮೊಣಕಾಲೂರಿ ಹೆಂಡತಿಯ ಕೈ ಹಿಡಿದು ತಿರುಗಿಸಿದ. ಅಂಗೈಯ ಅಡ್ಡಕ್ಕೆ ಹಗ್ಗ ಎಳೆದ ಕೆಂಪು ಬರೆಯಿತ್ತು. ಅದರ ಮೇಲೆ ತನ್ನ ಅಂಗೈ ಇಟ್ಟು, "ಅಕ್ಕ, ಆ ಡಬ್ಬಿ ಒಳಗಿಂದ ಜಪಸರ ಕೊಡು" ಅಂದ.

ಜಪಸರ ಕೊಟ್ಟು, ನಾನು ಮದುವೆಯ ಸೀರೆಯನ್ನು ಮಡಿಚಿ ವಾಪಸ್ ಟ್ರಂಕಿಗೆ ಹಾಕಿದೆ.